ಮೃದ್ವಸ್ಥಿಗೆ ಉಣಿಸುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಪ್ರಯೋಗಾಲಯದ ಅಕ್ಕ ಇನ್‌ಕ್ಯುಬೇಟರಿನ ಬಾಗಿಲು ತೆರೆಯುತ್ತಾರೆ. ಒಳಗಿನ ನಲವತ್ತೆಂಟು ಪುಟ್ಟ ತಟ್ಟೆಗಳಲ್ಲಿ ಅಕ್ಕಿಕಾಳಿನಷ್ಟು ಮೃದ್ವಸ್ಥಿ: ಮಂಡಿಯ ಎಲುಬುಗಳು ಒಂದಕ್ಕೊಂದು ಉಜ್ಜದಂತೆ ಕಾಯುವ ನುಣುಪಾದ ಮೆತ್ತೆ. ಶಸ್ತ್ರಚಿಕಿತ್ಸೆಗಳಲ್ಲಿ ತೆಗೆದ ಚೂರುಗಳಿವು. ಅರ್ಧ ಹರೆಯದವರದು, ಅರ್ಧ ವಯಸ್ಸಾದವರದು. ಯಾವುದು ಯಾರದೆಂದು ಈ ಸಲ ಅಕ್ಕನಿಗೆ ತಿಳಿಸಿಲ್ಲ. ಬೆನ್ನ ಹಿಂದೆಯೇ ನಿಂತ ಸಂಶೋಧಕಿಯೊಬ್ಬರು ಅಕ್ಕ ಹಾಕುವ ಒಂದೊಂದು ಹನಿಯನ್ನೂ ಗುರುತು ಹಾಕಿಕೊಳ್ಳುತ್ತಿದ್ದಾರೆ.

ಬಾಟಲಿ ತೊಳೆಯಲು ಸೇರಿದ ಅಕ್ಕನಿಗೆ ಇಲ್ಲಿ ಇಪ್ಪತ್ತೆರಡು ವರ್ಷ. ಎರಡು ದಿನಕ್ಕೊಮ್ಮೆ ಹಳೆಯ ದ್ರವ ಹೀರಿ, ಹೊಸದು ತುಂಬಿ, ಬೆಳವಣಿಗೆಯ ಅಂಶ ಎಂಬ ಪ್ರೋಟೀನಿನ ಒಂದು ಹನಿ ಬಿಡುತ್ತಾರೆ. ಆ ಹನಿ ಕೆಲಸಕ್ಕೆ ಹಚ್ಚಿದ ಜೀವಕೋಶಗಳು, ನೀರು ಹಿಡಿದಿಟ್ಟು ಮೆತ್ತೆಯನ್ನು ಪುಟಿಯುವಂತೆ ಇಡುವ ಅಣುಗಳನ್ನು ಕಟ್ಟುತ್ತವೆ.

ಹೋದ ಸಲ ಹರೆಯದ ಚೂರುಗಳು ಭರದಿಂದ ಕಟ್ಟಿದವು. ಮುದಿ ಚೂರುಗಳು ಜಪ್ಪಯ್ಯ ಅನ್ನಲಿಲ್ಲ. “ಅವಕ್ಕೆ ಅಕ್ಕ ಹನಿ ಹಾಕೋದೇ ಮರೆತಿರ್ಬೇಕು,” ಎಂದರು ಮುಖ್ಯಸ್ಥರು, ತುಂಬಿದ ಸಭೆಯಲ್ಲಿ.

“ಎಲ್ರೂ ನನ್ನ ಕಡೆ ತಿರುಗಿದ್ರು. ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು,” ಎನ್ನುತ್ತಾರೆ ಅಕ್ಕ. “ಮಗಳು, ‘ಬಿಟ್ಟುಬಿಡಮ್ಮ ಆ ಕೆಲಸ’ ಅಂದ್ಲು. ಹಾಗೆ ಬಿಟ್ರೆ ತಪ್ಪು ಒಪ್ಕೊಂಡ ಹಾಗಲ್ವಾ?” ಮರುದಿನ ಅವರೇ ಮುಖ್ಯಸ್ಥರ ಕೋಣೆಗೆ ಹೋದರು. “ಸರ್, ಇನ್ನೊಂದ್ಸಲ ಮಾಡೋಣ. ಯಾರನ್ನಾದ್ರೂ ಕಾವಲಿಗೆ ಹಾಕಿ. ತಪ್ಪು ನಂದೇ ಆದ್ರೆ ಮತ್ತೆ ಬಾಟಲಿ ತೊಳೀತೀನಿ.”

ಇಂದು ಇಪ್ಪತ್ತೊಂದನೆಯ ದಿನ. ಮಧ್ಯಾಹ್ನ, ಹೊಸ ಅಣುಗಳನ್ನು ಅಳೆಯುವ ಯಂತ್ರ ಗುಂಯ್ಗುಡುತ್ತದೆ. ಅಕ್ಕ ಒಣಗಿದ ಮೇಜನ್ನೇ ಒರೆಸುತ್ತಿದ್ದಾರೆ. ಮುಖ್ಯಸ್ಥರು ಹಾಳೆಯನ್ನು ಎರಡೆರಡು ಸಲ ಓದುತ್ತಾರೆ. ಹರೆಯದ ಚೂರುಗಳಲ್ಲಿ ಅಣುಗಳು ಹೆಚ್ಚುಕಡಿಮೆ ದುಪ್ಪಟ್ಟು. ಮುದಿಯವುಗಳಲ್ಲಿ ಮತ್ತೆ ಅಷ್ಟಕ್ಕಷ್ಟೇ.

“ಹೋದ ಸಲಾನೂ ನೀವು ಹನಿ ಹಾಕಿದ್ರಿ, ಅಕ್ಕ. ವಯಸ್ಸಾದ ಕೋಶಗಳೇ ಹನಿಗೆ ಓಗೊಡ್ತಿಲ್ಲ. ತಪ್ಪು ನಂದು. ಸಭೇಲೇ ಹೇಳ್ತೀನಿ.”

ಅಕ್ಕ ತಲೆಯಾಡಿಸುತ್ತಾರೆ. ಕೈಗವಸು ಕಳಚಿ ಬುಟ್ಟಿಗೆ ಹಾಕುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ. “ಒಂದು ಭಾನುವಾರ ಹತ್ತು ಗಂಟೆವರೆಗೂ ಮಲಗ್ಬೇಕು. ಆದ್ರೆ ಇವುಗಳಿಗೆ ಹಸಿವಾಗುತ್ತಲ್ಲ! ಬೇರೆಯವ್ರ ಕೈಗೆ ಕೊಡೋಕೆ ನಂಗೇ ಮನಸ್ಸು ಬರಲ್ಲ.”