ಮುರುಕ್ಕು ಅಲಿಯಾಸ್ ಚಕ್ಕುಲಿ

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೇಲಿನ ಫ್ಲ್ಯಾಟಿನ ಸುಧಾ ಮಾಮಿ. ಕಂಕುಳಲ್ಲಿ ಕಂದು ಬಣ್ಣದ ನಾಯಿಮರಿ. 'ಸಾರ್, ಕಾಂಚೀಪುರಂಲ ಕಲ್ಯಾಣಂ. ಒರು ನಾಳ್ ದಾನ್, ಪ್ಲೀಸ್!' ಎಂದು ಅದನ್ನು ನನ್ನ ಕೈಗಿಟ್ಟು ಲಿಫ್ಟ್ ಹತ್ತಿಯೇಬಿಟ್ಟರು.

ಒಂದೇ ದಿನವಂತೆ. ಹೆಸರು ಮುರುಕ್ಕು ಅಂತೆ. ಏನು ತಿನ್ನುತ್ತದೆ? ಎಲ್ಲಿ ಮಲಗುತ್ತದೆ? ಎಲ್ಲಿ (ಅದೇ, ಗೊತ್ತಲ್ಲ) ಮಾಡುತ್ತದೆ? ಕೇಳುವಷ್ಟರಲ್ಲಿ ಲಿಫ್ಟ್ ಕೆಳಗೆ. ಕೊನೆಯ ಪ್ರಶ್ನೆಗೆ ಮುರುಕ್ಕು ನನ್ನ ಶರ್ಟಿನ ಮೇಲೆಯೇ ಉತ್ತರ ಕೊಟ್ಟಿತು.

ಹೆಂಡತಿಗೆ ಇಲ್ಲೇ ಚೆನ್ನೈನ ಪೆರುಂಗುಡಿ ಆಫೀಸಿನಲ್ಲಿ ಶನಿವಾರವೂ ರಾತ್ರಿಯವರೆಗೆ ಕೆಲಸ. ನನ್ನ ತಲೆಯೋ ಆಗಲೇ ಕೆಟ್ಟಿತ್ತು. ರಾಣೆಬೆನ್ನೂರಿನ ಅಣ್ಣನ ಮನೆಯಿಂದ ತಿಂಗಳ ಮಟ್ಟಿಗೆ ಬಂದಿದ್ದ ಅವ್ವ ವಾರಕ್ಕೇ 'ನಾ ಊರಿಗೆ ಹೊಕ್ಕೀನಿ' ಎಂದು ಹಟ ಹಿಡಿದು, ಭಾನುವಾರಕ್ಕೆ ಟಿಕೆಟ್ ಮಾಡಿಸಿಕೊಂಡಿದ್ದಳು. ಕಾರಣ? ಮೊಮ್ಮಗಳು ಮಾತಾಡುವುದಿಲ್ಲ.

ನನ್ನ ಮಗಳು ನಿಧಿಗೆ ಕನ್ನಡ ಅರ್ಥವಾಗುತ್ತದೆ. ಬಾಯಿ ಬಿಟ್ಟರೆ ಮಾತ್ರ ತಮಿಳು. ಕಳೆದ ಬೇಸಿಗೆಯಲ್ಲಿ ಅವಳ ಕನ್ನಡ ಕೇಳಿ ಊರಿನ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಬಾಯಿಗೆ ಬೀಗ. ಅಜ್ಜಿ ಏನು ಕೇಳಿದರೂ ತಲೆಯಾಡಿಸಿ ರೂಮು ಸೇರುತ್ತಾಳೆ. 'ನಾ ಏನ್ ಗ್ವಾಡಿ ಜೋಡಿ ಮಾತಾಡ್ಲೇನು?' ಅನ್ನುತ್ತಾಳೆ ಅವ್ವ, ಗೋಡೆ ತೋರಿಸಿ. ಇವರಿಬ್ಬರ ನಡುವೆ ಈಗೊಂದು ನಾಯಿ ಬೇರೆ!

ಅವ್ವ ಮೊದಲು ಮಾಡಿದ್ದು ನಾಮಕರಣ. 'ಮುರುಕ್ಕು ಅಂದ್ರ ಚಕ್ಕುಲಿ ಹೌದಿಲ್ಲೋ? ಬಾರೋ ಚಕ್ಕುಲಿ!' ಅದು ಅವಳ ಹತ್ತಿರ ಹೋಯಿತು. ಮೊಸರನ್ನ ತಿಂದು ಅವಳ ಕಾಲ ಮೇಲೆಯೇ ಮಲಗಿತು.

ಮಧ್ಯಾಹ್ನ ಅವ್ವ, ನಿಧಿಯತ್ತ ನೋಡದೆಯೇ, ಮರಿಗೆ ಹೇಳಿದಳು: 'ಚಕ್ಕುಲಿ, ರೊಟ್ಟಿ ಆರಾಕ ಹತ್ಯಾವು ಅಂತ ನಿಮ್ಮಕ್ಕಗ ಹೇಳು.' ನಮ್ಮ ಕಡೆ ಇದು ಹಳೆಯ ಪದ್ಧತಿ. ಮಾತು ಬಿಟ್ಟ ಅತ್ತೆ ಸೊಸೆಯರು ತೊಟ್ಟಿಲ ಕೂಸಿಗೆ ಹೇಳಿ ಹೇಳಿಯೇ ಸಂಸಾರ ನಡೆಸಿದ್ದಾರೆ. ಆದರೆ ಚೆನ್ನೈನಲ್ಲಿ ಬೆಳೆದ ನಿಧಿಗೆ ಇದನ್ನು ಕಲಿಸಿದವರು ಯಾರು? ಅವಳೂ ಮರಿಯ ಕಿವಿ ಹಿಡಿದು, 'ಚಕ್ಕುಲಿ, ಅಜ್ಜಿಗೆ ಹೇಳು, ನನಗೆ ಎರಡು ರೊಟ್ಟಿ ಬೇಕು' ಎಂದಳು.

ಕನ್ನಡದಲ್ಲಿ!

ನಾನು ಲ್ಯಾಪ್‌ಟಾಪ್ ಹಿಂದೆ ಉಸಿರು ಬಿಗಿಹಿಡಿದು ಕೂತೆ. ಆಮೇಲೆ ಚಕ್ಕುಲಿಗೆ ಬಿಡುವೇ ಇಲ್ಲ. 'ಅಜ್ಜಿಗೆ ಹೇಳು, ಟಿವಿ ಸೌಂಡ್ ಕಮ್ಮಿ ಮಾಡ್ಲಿ.' 'ನಿಮ್ಮಕ್ಕಗ ಹೇಳು, ಬಾ, ಹೆರಳ ಹಾಕ್ತೀನಿ.' ಅದು ನಡುವೆ ಬೆಪ್ಪಾಗಿ ಕೂತು ಅತ್ತ ಇತ್ತ ನೋಡುತ್ತಿತ್ತು. ನನ್ನದೂ ಅದೇ ಸ್ಥಿತಿ. ಎದುರಿಗಿರುವ ಅಜ್ಜಿಗೆ ಹೇಳಲಾಗದ್ದನ್ನು ತಮಿಳು ನಾಯಿಗೆ ಕನ್ನಡದಲ್ಲಿ ಹೇಳಬಹುದೇ? ನಾಯಿ ನಗುವುದಿಲ್ಲ ಅಂತಲೋ?

ಸಂಜೆ ಹೆರಳು ಹಾಕುತ್ತ ಅವ್ವ ಮೆಲ್ಲಗೆ ಅಂದಳು: 'ಚಕ್ಕುಲಿ, ನಿಮ್ಮಕ್ಕಗ ಹೇಳು. ಅಜ್ಜಿ ನಾಳೆ ಊರಿಗೆ ಹೊಕ್ಕಾಳ.'

ನಿಧಿ ಮರಿಯನ್ನು ಮಡಿಲಿಗೆ ಎಳೆದುಕೊಂಡಳು. 'ಚಕ್ಕುಲಿ, ಅಜ್ಜಿಗೆ ಹೇಳು. ಹೋಗ ವೇಂಡಾ... ಹೋಗೋದು ಬೇಡ.'

ಅಷ್ಟರಲ್ಲಿ ಕಾಲಿಂಗ್ ಬೆಲ್. ಅವ್ವ ಉತ್ತರ ಕೊಡುವ ಮೊದಲೇ ಸುಧಾ ಮಾಮಿ ಮರಿಯನ್ನು ಎತ್ತಿಕೊಂಡು ಹೋದರು.

ಊಟಕ್ಕೆ ಕೂತರೆ ಮಾತು ದಾಟಿಸಲು ಚಕ್ಕುಲಿಯೇ ಇಲ್ಲ. ಅವ್ವ ಕುರ್ಚಿಯ ಕೆಳಗೆಲ್ಲ ಕಣ್ಣಾಡಿಸಿದಳು. ಕೊನೆಗೆ ನನ್ನ ಕಡೆ ತಿರುಗಿ, 'ಏ, ಅಕಿಗೆ ಹೇಳು, ನಾ ಹೋಗಂಗಿಲ್ಲ' ಎಂದಳು. ನಿಧಿಯೂ ನನ್ನ ಕಡೆಯೇ ತಿರುಗಿದಳು. 'ಅಪ್ಪಾ, ಅಜ್ಜಿಗೆ ಹೇಳು, ಥ್ಯಾಂಕ್ಸ್.'

ಟಿಕೆಟ್ ಕ್ಯಾನ್ಸಲ್ ಮಾಡಿದೆ. ಖುಷಿಯೋ ಖುಷಿ. ಒಂದೇ ಗೊಂದಲ: ನಾನೀಗ ಬಾಲ ಆಡಿಸಬೇಕೋ, ಬೊಗಳಬೇಕೋ?