ಹಡಗಿನ ದಿನ, ಪೆತಾಂಗಕ್ಕನ ಗಾಡಿ

ಸೂರ್ಯ ಇನ್ನೂ ಸಿಬುಯಾನ್ ಬೆಟ್ಟದ ಹಿಂದೆಯೇ ಇದ್ದಾನೆ. ರೊಂಬ್ಲೋನ್ ದ್ವೀಪದ ಬಂದರಿನ ಕಟ್ಟೆಯ ಬಳಿ ಪೆರ್ಪೆತುವಾ ಮಾಗಲ್ಯೋನ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಬಕೆಟ್ಟಿನ ತುಂಬ ಸೋಪಿನ ನೊರೆ ಎಬ್ಬಿಸಿ, ತಮ್ಮ ಟ್ರೈಸಿಕಲ್ಲಿಗೆ ಮದುಮಗಳಿಗೆ ಮಾಡುವ ಉಪಚಾರವನ್ನೆಲ್ಲ ಮಾಡುತ್ತಿದ್ದಾರೆ. ಬೈಕಿನ ಪಕ್ಕಕ್ಕೆ ತಗಡಿನ ಗೂಡೊಂದನ್ನು ಬೆಸೆದು, ಅದಕ್ಕೊಂದು ಚಕ್ರ, ತಲೆಯ ಮೇಲೊಂದು ಮಾಡು ಕೊಟ್ಟರೆ ಮುಗಿಯಿತು, ಅದೇ ಗಾಡಿ. ಊರಿನವರಾದರೆ ಇದರಲ್ಲೇ ಗಂಡ, ಹೆಂಡತಿ, ಅತ್ತೆ, ಅಕ್ಕಿ ಮೂಟೆ, ಒಂದು ಹಂದಿಮರಿ ಎಲ್ಲವೂ ಹೋಗುತ್ತವೆ. ಇವತ್ತು ಹತ್ತುವವರು ಪ್ರವಾಸಿ ಹಡಗಿನವರು. ಅದಕ್ಕೇ ಗೂಡಿನ ಸೀಟಿಗೆ ಹೊಸ ಮೆತ್ತೆ. ಹಳೆಯ ಪರದೆ ಕತ್ತರಿಸಿ ಗಂಡ ರೊಗೆಲ್ ಹೊಲಿದುಕೊಟ್ಟದ್ದು.

"ಮನಾಂಗ್, ಇಷ್ಟು ಉಜ್ಜಿದ್ರೆ ಬಣ್ಣ ಕಿತ್ತು ಬರತ್ತೆ," ಎಂದು ಪಕ್ಕದ ಗಾಡಿಯಿಂದ ಕುಲಾಸ್ ಕೀಟಲೆ ಮಾಡುತ್ತಾನೆ. ಕಿರಿಯ ಚಾಲಕರಿಗೆಲ್ಲ ಪೆರ್ಪೆತುವಾ ಎಂದರೆ ಮನಾಂಗ್ ಪೆತಾಂಗ್, ಅಂದರೆ ಪೆತಾಂಗಕ್ಕ.

"ನನ್ನ ಗಾಡೀಲಿ ಬಣ್ಣ ಆದ್ರೂ ಇದೆ ಕಣೋ. ನಿಂದ್ರಲ್ಲಿ ಬಣ್ಣಾನೂ ಇಲ್ಲ, ಬ್ರೇಕೂ ಇಲ್ಲ."

ಕುಲಾಸ್ ನಗುತ್ತಾನೆ. ಅಕ್ಕ ಮಾತ್ರ ನಗುವುದಿಲ್ಲ. ಇವತ್ತು ಅವರ ಮನಸ್ಸು ಎರಡು ಕಡೆ ಹರಿದುಹೋಗಿದೆ.

ಒಂದು ಕಡೆ ಹಡಗು. ಇಲ್ಲಿಯತನಕ ಹಡಗಿನವರನ್ನು ದ್ವೀಪ ಸುತ್ತಿಸುತ್ತಿದ್ದದ್ದು ಹೊರಗಿನಿಂದ ಬರುತ್ತಿದ್ದ ವ್ಯಾನುಗಳು. ಟ್ರೈಸಿಕಲ್ಲಿನವರು ಬಂದರಿನ ಬೇಲಿಯಾಚೆ ನಿಂತು ಬಾಯಿ ಚಪ್ಪರಿಸಿದ್ದಷ್ಟೇ. ಚಾಲಕರ ಸಂಘದವರು ಹಡಗಿನ ಏಜೆಂಟನ ಬೆನ್ನು ಬಿದ್ದು, ಕಾಡಿ ಬೇಡಿ, ಈ ಒಂದು ಸಲಕ್ಕೆ ಒಪ್ಪಿಸಿದ್ದಾರೆ. ಏಜೆಂಟನ ಷರತ್ತೂ ಒಂದೇ. ದಡದಿಂದ ಹಡಗಿಗೆ ಹೋಗುವ ಕೊನೆಯ ದೋಣಿ ಮೂರೂವರೆಗೆ. ಅದು ಒಬ್ಬನೇ ಒಬ್ಬ ಪ್ರಯಾಣಿಕನಿಗೆ ತಪ್ಪಿದರೂ ಮುಂದಿನ ಸಲದಿಂದ ಮತ್ತೆ ವ್ಯಾನು. ಬಂದರಿನಲ್ಲಿ ಸಾಲಾಗಿ ನಿಂತಿರುವ ಅಷ್ಟೂ ಗಾಡಿಗಳ ಅನ್ನ ಈ ಒಂದು ಮಧ್ಯಾಹ್ನದ ಮೇಲೆ ನಿಂತಿದೆ.

ಇನ್ನೊಂದು ಕಡೆ ಅಂಬೋ. ಮನೋಂಗ್ ಅಂಬೋ, ಅಂದರೆ ಅಂಬೋ ಅಣ್ಣ, ಈ ಬಂದರಿನ ಅತಿ ಹಿರಿಯ ಚಾಲಕ. ಕಳೆದ ವಾರ ಊಟ ಮುಗಿಸಿ ಹಗ್ಗದ ಮಂಚದ ಮೇಲೆ ಅಡ್ಡಾದವರು ಏಳಲಿಲ್ಲ. ದೋಹಾದಲ್ಲಿ ಮನೆಗೆಲಸಕ್ಕಿರುವ ಮಗಳು ದೆಲಿಯಾ ಬರಲಿ ಎಂದು ಶವಪೆಟ್ಟಿಗೆಯನ್ನು ಲೋನೋಸ್ ಹಳ್ಳಿಯ ಮನೆಯಲ್ಲೇ ಇಟ್ಟುಕೊಂಡು ಕಾಯ್ದರು. ಅವಳ ದೋಣಿ ಬರುವುದೂ ಇವತ್ತೇ, ಮಣ್ಣು ಮಾಡುವುದೂ ಇವತ್ತೇ.

ಅಷ್ಟೂ ದಿನ ಪೆತಾಂಗ್ ಕೆಲಸ ಮುಗಿಸಿ ಸಾವಿನ ಮನೆಗೆ ಹೋಗಿದ್ದಾರೆ, ಬಂದವರಿಗೆ ಕಾಫಿ ಕಾಸಿಕೊಟ್ಟಿದ್ದಾರೆ. ಸಾವಿನ ಮನೆಯಿಂದ ನೆಟ್ಟಗೆ ತಮ್ಮ ಮನೆಗೆ ಹೋಗುವಂತಿಲ್ಲ, ಹೋದರೆ ಸಾವೂ ಹಿಂದೆಯೇ ಬರುತ್ತದೆ. ಹಾಗಾಗಿ ದಿನಾ ದಾರಿಯ ಬೇಕರಿಗೆ ಹೊಕ್ಕು ಒಂದು ಬನ್ನು ತಿಂದೇ ಮನೆ ಸೇರಿದ್ದಾರೆ. "ಅಂಬೋ ಸತ್ತಿದ್ದಕ್ಕೆ ನನ್ನ ಹೆಂಡ್ತಿ ದಪ್ಪ ಆದ್ಲು," ಎಂದು ರೊಗೆಲ್ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾನೆ.

ಹಡಗು ಮತ್ತು ಹೆಣ ಒಂದೇ ದಿನಕ್ಕೆ ಬಿದ್ದಾಗ ಚಾಲಕರೆಲ್ಲ ಮುಖ ಮುಖ ನೋಡಿಕೊಂಡರು. ಕೊನೆಗೆ ಬಾಯಿ ಬಿಟ್ಟದ್ದು ಅಂಬೋನ ಹೆಂಡತಿ ಸೆಪಾ.

"ಎಲ್ರೂ ಹಡಗಿಗೆ ಹೋಗಿ. ಅದು ಕಾಯಲ್ಲ. ಇವ್ರು ಕಾಯ್ತಾರೆ. ಇನ್ನೆಲ್ಲಿಗೆ ಓಡಿಹೋಗ್ತಾರೆ?" ಅಂದರು.

ಆ ಮಾತಿಗೆ ಒಪ್ಪಿಕೊಂಡರೂ ಪೆತಾಂಗ್ ಮನಸ್ಸು ಲೋನೋಸಿನಲ್ಲೇ ಇದೆ. ಯಾಕೆಂದರೆ ಇವತ್ತು ಈ ಹ್ಯಾಂಡಲ್ ಕೈಗೆ ಬಂದದ್ದೇ ಅಂಬೋನಿಂದ. ಮೊದಲು ಪೆತಾಂಗ್ ಅಮೃತಶಿಲೆಯ ಕುಟ್ಟಾಣಿ ಕಡೆಯುತ್ತಿದ್ದರು. ಈ ದ್ವೀಪದಲ್ಲಿ ಮಣ್ಣು ಅಗೆದರೆ ಅಮೃತಶಿಲೆ, ಗಾಳಿ ಬೀಸಿದರೆ ಅದರದೇ ಪುಡಿ. ಕೂದಲು ನೆರೆಯುವ ಮೊದಲೇ ಅವರ ತಲೆ ಬೆಳ್ಳಗಾಗಿತ್ತು, ಕೆಮ್ಮು ಎದೆಯಲ್ಲಿ ಬಿಡಾರ ಹೂಡಿತ್ತು. ಕಲ್ಲು ಬಿಡಬೇಕು ಎಂದರು ಡಾಕ್ಟರು. ಬಿಟ್ಟು ತಿನ್ನುವುದೇನು ಎಂದು ಮಾತ್ರ ಹೇಳಲಿಲ್ಲ.

"ಅವತ್ತು ಅಂಬೋ ಬಂದು ನಮ್ಮನೆ ಬಾಗಿಲಲ್ಲಿ ನಿಂತ್ಕೊಂಡು, ಕೆಮ್ಮೋದೇ ಆದ್ರೆ ಗಾಳೀಲಿ ಕೆಮ್ಮು ಬಾರಮ್ಮ ಅಂದ್ರು. ಸಮುದ್ರದ ದಂಡೇಲಿ ಗಾಡಿ ಕಲಿಸಿದ್ರು. ಮೂರು ಸಲ ನೀರಿಗೇ ಇಳಿಸಿದೆ. ಒಂದ್ಸಲಾನೂ ಬೈಲಿಲ್ಲ, ಮೀನು ಸಿಕ್ತಾ ಅಂತ ಕೇಳಿದ್ರು, ಅಷ್ಟೇ," ಎನ್ನುತ್ತಾರೆ ಪೆತಾಂಗ್.

ಅಂಬೋ ಮಧ್ಯಾಹ್ನ ನಿದ್ದೆ ಮಾಡುವ ಹೊತ್ತಿಗೆ ಗಾಡಿ ಇವರ ಕೈಗೆ. ಆಗ ಬಂದರಿನ ಸಾಲಿನಲ್ಲಿ ಹೆಂಗಸು ಎನ್ನುವವರೇ ಇರಲಿಲ್ಲ. ಕುಟ್ಟಾಣಿ ಕೆತ್ತುವವಳು ಗಾಡಿ ಕೆತ್ತಲು ಬಂದಳು ಎಂದು ಗಂಡಸರು ಆಡಿಕೊಂಡರು. ಅಂಬೋ ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ತಮ್ಮ ಹೆಂಡತಿಯನ್ನು, ಸೊಸೆಯನ್ನು, ಪಾದ್ರಿಗಳನ್ನು ಎಲ್ಲರ ಕಣ್ಣೆದುರಿಗೇ ಪೆತಾಂಗ್ ಗಾಡಿಗೆ ಹತ್ತಿಸಿ ಕಳಿಸಿದರು. ಪಾದ್ರಿಗಳೇ ಕೂತ ಮೇಲೆ ಇನ್ನು ಯಾರ ತಕರಾರು?

ಹಡಗಿನ ದೋಣಿಗಳು ದಡಕ್ಕೆ ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿದೆ. ಪೆತಾಂಗ್ ಪಾಲಿಗೆ ಬಂದವರು ಹಾಲೆಂಡಿನ ಇಬ್ಬರು ಅಕ್ಕತಂಗಿಯರು. ಅಕ್ಕ ಟ್ರೂಸ್ ಕೈಯಲ್ಲಿ ಊರುಗೋಲು, ಸೊಂಟ ನೋವು. ತಂಗಿ ಹನ್ನೆಕೆಗೆ ಎಪ್ಪತ್ತಾದರೂ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಗೂಡಿನೊಳಗೆ ಬಗ್ಗಿ ಕೂರುವಾಗಲೇ ಇಬ್ಬರಿಗೂ ನಗುವೋ ನಗು.

ಪೆತಾಂಗ್ ಮೊದಲು ಕೋಟೆಯ ಬುಡದಲ್ಲಿ ನಿಲ್ಲಿಸಿ, ಈ ಫಿರಂಗಿ ಹಾರಿಸಿದ್ದು ಒಂದೇ ಸಲ, ಗುಂಡು ಬಿದ್ದದ್ದು ಕಡಲ್ಗಳ್ಳರ ಮೇಲಲ್ಲ, ಪಾದ್ರಿಯ ಕೋಳಿಗೂಡಿನ ಮೇಲೆ ಎಂದು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳುತ್ತಾರೆ. "ಇದು ನಿಜವಾ?" ಎಂದು ಟ್ರೂಸ್ ಕೇಳಿದರೆ, "ಅಲ್ಲ. ನನ್ನ ಗುರುಗಳು ಕಟ್ಟಿದ ಕತೆ. ಆದ್ರೆ ನಿಜಕ್ಕಿಂತ ಚೆನ್ನಾಗಿದೆ," ಎನ್ನುತ್ತಾರೆ. ಆಮೇಲೆ ಕಲ್ಲು ಕಡೆಯುವ ಕೊಟ್ಟಿಗೆ. ಅಲ್ಲಿ ಹಳೆಯ ಗೆಳತಿಯರು ಪೆತಾಂಗ್‌ರನ್ನು ಮೂತಿಗೆ ಬಟ್ಟೆ ಕಟ್ಟಿಕೊಂಡೇ ತಬ್ಬಿಕೊಳ್ಳುತ್ತಾರೆ. ಆಮೇಲೆ ಊಟ: ಎಳೆ ತೆಂಗಿನ ತುರಿಯಲ್ಲಿ ಸಿಗಡಿ ಕಲಸಿ ಗರಿಯಲ್ಲಿ ಸುತ್ತಿ ಬೇಯಿಸಿದ್ದು, ಅನ್ನ. ಕೊನೆಗೆ ಬೊನ್‌ಬೊನ್ ತೀರ, ಸಮುದ್ರದೊಳಕ್ಕೆ ನಾಲಿಗೆ ಚಾಚಿದ ಬಿಳಿ ಮರಳು. ಹನ್ನೆಕೆ ನೀರಿಗೆ ಧುಮುಕಿದರೆ, ಟ್ರೂಸ್ ಕೋಲೂರಿಕೊಂಡು ದಂಡೆಯಲ್ಲೇ ಕಾಲು ನೆನೆಸಿಕೊಳ್ಳುತ್ತಾರೆ.

ಪೆತಾಂಗ್ ಲೆಕ್ಕ ಸರಿಯಾಗಿಯೇ ಇದೆ. ಶವದ ಮೆರವಣಿಗೆ ಊಟದ ಹೊತ್ತಿಗಿಂತ ಮುಂಚೆಯೇ ಲೋನೋಸ್ ಬಿಟ್ಟು ಊರಿನ ಇಗರ್ಜಿ ಸೇರಿರಬೇಕು. ಅಕ್ಕತಂಗಿಯರನ್ನು ಬಂದರಿಗೆ ಬಿಟ್ಟು ಓಡಿದರೆ ಪೂಜೆಯ ಕೊನೆಗಾದರೂ ಸಿಗಬಹುದು. ಆದರೆ ದೆಲಿಯಾಳ ದೋಣಿಯೇ ತಡವಾಗಿ, ಮೆರವಣಿಗೆ ಈಗಷ್ಟೇ ಹೊರಟಿದೆ. ಇದು ಪೆತಾಂಗ್‌ಗೆ ಹೇಗೆ ಗೊತ್ತಾಗಬೇಕು?

ತೀರದಿಂದ ಹೊರಟು ಎರಡು ತಿರುವು ದಾಟಿದರೆ ಎದುರಿಗೆ ಕೊಡೆಗಳ ಸಾಲು. ಮುಂದೆ ಕಲ್ಲು ಸಾಗಿಸುವ ಲಾರಿ. ತೊಳೆದು, ಹೂ ಕಟ್ಟಿ, ಅದರ ಮೇಲೆ ಅಂಬೋನನ್ನು ಮಲಗಿಸಿದ್ದಾರೆ. ಹಿಂದೆ ಬಂಧು ಬಳಗ ಹೆಜ್ಜೆ ಎಣಿಸುವಂತೆ ನಡೆಯುತ್ತಿದೆ. ಬಂದರಿಗೆ ಇರುವುದು ಇದೊಂದೇ ರಸ್ತೆ, ಅದೂ ಲಾರಿಯಷ್ಟೇ ಅಗಲ.

ಪೆತಾಂಗ್ ಕೈ ತಾನಾಗಿ ಎಂಜಿನ್ ಆರಿಸುತ್ತದೆ, ಟೋಪಿ ತೆಗೆಯುತ್ತದೆ. ಗಾಡಿ ಇಳಿದು, ಹ್ಯಾಂಡಲ್ ಹಿಡಿದು ತಳ್ಳತೊಡಗುತ್ತಾರೆ.

"ಪೆಟ್ರೋಲ್ ಮುಗೀತಾ?" ಎಂದು ಹನ್ನೆಕೆ ಗಾಬರಿಯಿಂದ ಕೇಳುತ್ತಾರೆ.

"ಇಲ್ಲ ಮೇಡಂ. ಮುಂದೆ ಹೋಗ್ತಿರೋದು ನನ್ನ ಗುರುಗಳು."

ಹೆಣವನ್ನು ಹಿಂದೆ ಹಾಕಿ ಯಾರೂ ಮುಂದೆ ಹೋಗುವುದಿಲ್ಲ. ಹೋದವನ ಮನೆಯಿಂದಲೇ ಮುಂದಿನ ಪೆಟ್ಟಿಗೆ ಹೊರಡುತ್ತದೆ. ಗವರ್ನರನ ಕಾರಾದರೂ ಹಿಂದೆಯೇ ತೆವಳಬೇಕು. ಹನ್ನೆಕೆ ಕೆಳಗಿಳಿದು, ಕೇಳದೆಯೇ ಗೂಡಿಗೆ ಕೈ ಹಚ್ಚಿ ತಳ್ಳುತ್ತಾರೆ. ಒಳಗೆ ಟ್ರೂಸ್ ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಾರೆ.

ಸ್ವಲ್ಪ ಹೊತ್ತಿನಲ್ಲಿ ಹಿಂದೆ ಇನ್ನೊಂದು ಗಾಡಿ, ಮತ್ತೊಂದು. ಎಲ್ಲರೂ ಕೊನೆಯಲ್ಲಿ ಬೊನ್‌ಬೊನ್‌ಗೆ ಹೋದವರೇ. ಒಂದೊಂದಾಗಿ ಎಂಜಿನ್ ಆರುತ್ತವೆ, ಟೋಪಿಗಳು ಇಳಿಯುತ್ತವೆ. ಕುಲಾಸ್ ಓಡಿಬಂದು ಪಿಸುಗುಡುತ್ತಾನೆ.

"ಮನಾಂಗ್, ಟೈಮ್ ಆಗ್ತಿದೆ. ಹೋಗಿ ಸೆಪಾನ ಕೇಳು."

"ಏನಂತ ಕೇಳ್ಲಿ? ಗಂಡನ್ನ ಬೇಗ ಬೇಗ ಹೂಳು ಅಂತ್ಲಾ?"

"ವ್ಯಾನಿನೋರ ಪಾಲಾಗತ್ತೆ ಎಲ್ಲಾ."

"ಆಗ್ಲಿ. ನನ್ನ ಕೈಲಿ ಆಗಲ್ಲ."

ಹೇಳುವುದೇನೋ ಹೇಳಿದರು. ಹಿಂದೆ ತಿರುಗಿ ನೋಡಿದರೆ ಅಷ್ಟೂ ಚಾಲಕರು ಬಿಸಿಲಲ್ಲಿ ಬರಿದಲೆಯಲ್ಲಿ ಗಾಡಿ ತಳ್ಳುತ್ತಿದ್ದಾರೆ. ಒಬ್ಬನೂ ಹಾರ್ನ್ ಒತ್ತಿಲ್ಲ. ಅವರ ಮಕ್ಕಳ ಮುಖಗಳೆಲ್ಲ ಪೆತಾಂಗ್‌ಗೆ ಒಂದೊಂದಾಗಿ ನೆನಪಾಗುತ್ತವೆ.

ಅಷ್ಟರಲ್ಲಿ ಲಾರಿಯ ಹಿಂದೆ ನಡೆಯುತ್ತಿದ್ದ ಸೆಪಾ ಯಾಕೋ ತಿರುಗಿ ನೋಡುತ್ತಾರೆ. ರಸ್ತೆಯ ತಿರುವಿನವರೆಗೂ ಟ್ರೈಸಿಕಲ್ಲುಗಳ ಸಾಲು. ಕೊಡೆ ಕೈಜಾರುತ್ತದೆ.

"ಬಂದ್ರಾ? ಎಲ್ರೂ ಬಂದ್ಬಿಟ್ರಾ?" ಎಂದು ಹೋ ಎಂದು ಅಳತೊಡಗುತ್ತಾರೆ. "ನೋಡೇ ದೆಲಿಯಾ, ನಿಮ್ಮಪ್ಪನ್ನ ಕಳಿಸೋಕೆ ಹಡಗು ಬಿಟ್ಟು ಬಂದಿದಾರೆ."

ಪೆತಾಂಗ್ ತಲೆ ತಗ್ಗಿಸಿ ನಿಂತುಬಿಡುತ್ತಾರೆ. ಸೆಪಾ ಕಣ್ಣೊರೆಸಿಕೊಂಡು ಹತ್ತಿರ ಬಂದಾಗಲೇ ಗೂಡಿನೊಳಗಿನ ಟ್ರೂಸ್ ಕಾಣಿಸುವುದು, ಹಿಂದಿನ ಗಾಡಿಗಳಲ್ಲೂ ಬಿಸಿಲಿಗೆ ಕೆಂಪಾದ ಮುಖಗಳೇ ಕಾಣಿಸುವುದು.

"ಇವರು ಹಡಗಿನೋರಲ್ವಾ? ದೋಣಿ ಎಷ್ಟೊತ್ತಿಗೆ?"

"ಮೂರೂವರೆಗೆ," ಎನ್ನುತ್ತಾರೆ ಪೆತಾಂಗ್, ನೆಲ ನೋಡುತ್ತ.

"ಅಯ್ಯೋ ಪೆದ್ದಿ! ಬಾಯಲ್ಲಿ ಏನಿಟ್ಕೊಂಡಿದ್ದೆ?" ಸೆಪಾ ಅಲ್ಲಿಂದಲೇ ಓಡಿ ಲಾರಿಯ ತಗಡನ್ನು ಅಂಗೈಯಿಂದ ಬಡಿಯುತ್ತಾರೆ. "ನಿಲ್ಸೋ! ಪಕ್ಕಕ್ಕೆ ತಗೊಳ್ಳೋ, ಆ ತೆಂಗಿನ ತೋಟಕ್ಕೆ ಇಳ್ಸು!"

ದೆಲಿಯಾ ತಾಯಿಯ ತೋಳು ಹಿಡಿಯುತ್ತಾಳೆ. ವರ್ಷಗಳ ಮೇಲೆ ಬಂದ ಮಗಳು, ಅಪ್ಪನ ಮುಖವನ್ನು ಪೆಟ್ಟಿಗೆಯ ಗಾಜಿನಡಿ ನೋಡಿದವಳು. "ಏನಮ್ಮ ಇದು? ಅಪ್ಪನ್ನ ರಸ್ತೆ ಪಕ್ಕ ನಿಲ್ಸಿ ಗಾಡಿ ಮುಂದೆ ಬಿಡೋದಾ? ಅಪಶಕುನ."

"ಅವರಾಗಿ ಮುಂದೆ ನುಗ್ಗಿದ್ರೆ ಅಪಶಕುನ. ನಿಮ್ಮಪ್ಪನೇ ದಾರಿ ಬಿಟ್ಕೊಟ್ರೆ ಯಾವ ಶಕುನ?" ಸೆಪಾ ಪೆಟ್ಟಿಗೆಯ ಕಡೆ ಕೈ ತೋರಿಸುತ್ತಾರೆ. "ನಮ್ಮ ಮದುವೆ ಊಟದಿಂದ ಎದ್ದುಹೋಗಿ ಯಾರನ್ನೋ ದೋಣಿ ಹತ್ತಿಸಿ ಬಂದ ಗಂಡ್ಸು ಇವ್ರು. ಇವರಿಂದ ಇವತ್ತು ಒಬ್ರಿಗೆ ದೋಣಿ ತಪ್ಪಿದ್ರೆ, ಪೆಟ್ಟಿಗೆ ಒಳಗೇ ಮಗ್ಗುಲು ಬದಲಾಯಿಸ್ತಾರೆ."

ದೆಲಿಯಾ ಅಪ್ಪನ ಪೆಟ್ಟಿಗೆ ನೋಡುತ್ತಾಳೆ, ಗಾಡಿಗಳ ಸಾಲು ನೋಡುತ್ತಾಳೆ. ಆಮೇಲೆ ತಾನೇ ಲಾರಿಯ ಮುಂದೆ ನಿಂತು, ಡ್ರೈವರನಿಗೆ ಕೈಸನ್ನೆ ಮಾಡಿ ತೋಟಕ್ಕೆ ಇಳಿಸುತ್ತಾಳೆ.

ಎಂಜಿನ್‌ಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಲಾರಿಯ ಪಕ್ಕ ಹಾಯುವಾಗ ಪೆತಾಂಗ್ ಎಡಗೈ ಚಾಚಿ ಅದರ ಹಲಗೆ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಹಿಂದೆ ಬಂದವರೂ ಹಾಗೆಯೇ. ಗೂಡುಗಳೊಳಗಿನ ಪರದೇಶದವರು, ಸತ್ತವರು ಯಾರೆಂದು ತಿಳಿಯದೆಯೂ, ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಾರೆ. ಕೊನೆಯ ಗಾಡಿ ದಾಟುವವರೆಗೂ ಸೆಪಾ ಕೊಡೆ ಅಲ್ಲಾಡಿಸಿ "ಬೇಗ, ಬೇಗ" ಎನ್ನುತ್ತಲೇ ಇದ್ದಾರೆ.

ಬಂದರಿನಲ್ಲಿ ಹಗ್ಗ ಬಿಚ್ಚಲು ಬಗ್ಗಿದ್ದ ದೋಣಿಯವನು ಇವರನ್ನು ಕಂಡು ಮತ್ತೆ ನೆಟ್ಟಗಾಗುತ್ತಾನೆ. ಟ್ರೂಸ್ ದೋಣಿ ಹತ್ತುವ ಮೊದಲು ಪೆತಾಂಗ್ ಎರಡೂ ಕೈ ಹಿಡಿದುಕೊಂಡು ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ಒಬ್ಬ ಪ್ರಯಾಣಿಕನೂ ದಡದಲ್ಲಿ ಉಳಿದಿಲ್ಲ. ಏಜೆಂಟ್ ವಾಚು ನೋಡಿಕೊಂಡು ತಲೆಯಾಡಿಸುತ್ತಾನೆ. ಚಾಲಕರು ಕುಣಿಯುವುದಿಲ್ಲ, ಕೇಕೆ ಹಾಕುವುದಿಲ್ಲ. ಗಾಡಿ ತಿರುಗಿಸಿ, ಬಂದ ದಾರಿಯಲ್ಲೇ ಮರಳುತ್ತಾರೆ. ಅಂದು ಅಂಬೋನ ಲಾರಿ ಇಗರ್ಜಿಗೆ ಬಂದಾಗ ಅದರ ಹಿಂದೆ ಊರಿನ ಅಷ್ಟೂ ಟ್ರೈಸಿಕಲ್ಲುಗಳಿದ್ದವು.

ಇದಾಗಿ ಕೆಲವು ವಾರ ಕಳೆದಿವೆ. ಮಳೆಗಾಲಕ್ಕೆ ಮುಂಚೆ ಇನ್ನೊಂದು ಹಡಗು ಬರುತ್ತದಂತೆ, ಟ್ರೈಸಿಕಲ್ಲುಗಳೇ ಬೇಕೆಂದು ಏಜೆಂಟ್ ಹೇಳಿ ಕಳಿಸಿದ್ದಾನೆ. ಪೆತಾಂಗ್ ದಿನಾ ಬೆಳಗ್ಗೆ ಸಾಲಿನಲ್ಲಿ ನಿಲ್ಲುತ್ತಾರೆ, ಶಾಲೆಯ ಮಕ್ಕಳನ್ನು, ಮೀನಿನ ಬುಟ್ಟಿಗಳನ್ನು, ಬಸುರಿಯರನ್ನು ಸಾಗಿಸುತ್ತಾರೆ. ಭಾನುವಾರ ಸೆಪಾರನ್ನು ಸಮಾಧಿಗೆ ಕರೆದೊಯ್ಯುತ್ತಾರೆ. ಬಾಡಿಗೆ ಕೊಡಲು ಬಂದರೆ ಸೆಪಾಗೆ ಬೈಗುಳ ಕಾದಿರುತ್ತದೆ. ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುವಂಥದ್ದು ಏನಿದೆ ಎಂದು ಪೆತಾಂಗ್‌ಗೆ ನಗು. ಬರೆಯುವುದಾದರೆ ಅಂಬೋ ಬಗ್ಗೆ, ಸೆಪಾ ಬಗ್ಗೆ ಬರೆಯಿರಿ ಎನ್ನುತ್ತಾರೆ. ಅವರ ಋಣ ತೀರಿಸುವಂಥದ್ದಲ್ಲ, ತೀರುವುದೂ ಬೇಡ ಎನ್ನುತ್ತಾರೆ.

ನಿಮಗೆ ಅಂತ ಏನೂ ಆಸೆ ಇಲ್ಲವೇ ಎಂದು ಕೇಳಿದರೆ, ಗಾಡಿ ಒರೆಸಿದ ಬಟ್ಟೆ ಹಿಂಡುತ್ತ ಹೇಳುತ್ತಾರೆ.

"ಒಂದಿದೆ. ರೊಗೆಲ್‌ಗೂ ಹೇಳಿಟ್ಟಿದೀನಿ. ನನ್ನ ಪೆಟ್ಟಿಗೆ ಹೋಗೋ ದಿನ ಹಿಂದೆ ಯಾವ್ದಾದ್ರೂ ಗಾಡಿ ಬಂದ್ರೆ, ಯಾರು, ಏನವಸರ ಅಂತೆಲ್ಲ ಕೇಳ್ಬಾರ್ದು. ನನ್ನ ಪಕ್ಕಕ್ಕೆ ನಿಲ್ಸಿ, ಅವರನ್ನ ಮುಂದೆ ಕಳಿಸ್ಬಿಡ್ಬೇಕು. ಅವತ್ತು ನಂಗೆ ಬೇಕಾದಷ್ಟು ಪುರುಸೊತ್ತಿರತ್ತೆ."