ಮಾವನ ಬಾಟಲಿಯ ಹುಳ

ನನ್ನ ಮಾವನ ಬಲಗೈ ಕಿರುಬೆರಳಿನ ಉಗುರು ಅರ್ಧ ಅಂಗುಲ ಬೆಳೆದು, ಅರಿಶಿನ ಹಿಡಿದು ಹಳದಿಯಾಗಿತ್ತು. ಸಾರಿನಲ್ಲಿ ಕೂದಲು ಬಿದ್ದರೆ ಆ ಉಗುರಿನಲ್ಲೇ ಎತ್ತಿ ನನಗೆ ತೋರಿಸಿ, ಅದೇ ಸಾರನ್ನು ಬಡಿಸಲು ಕಳಿಸುತ್ತಿದ್ದರು. "ಗಿರಾಕಿ ನಂಬಿದ್ದೇ ರುಚಿ" ಎನ್ನುವುದು ಅವರ ಮಾತು.

ಸಾಗರದಲ್ಲಿ ಅವರ ಊಟದ ಹೋಟೆಲು; ಸೊಸೆಯಾಗಿ ಬಂದ ನನಗೆ ಅಲ್ಲಿನ ಅಡಿಗೆಮನೆ. ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕೆಲಸದವರು ಅಲ್ಲಿಗೇ ಬರುತ್ತಿದ್ದರು. ಒಬ್ಬ ಪರದೇಶದ ಇಂಜಿನಿಯರ್ ತಮ್ಮ ಊರಿಗೆ ಹೊರಟಾಗ ಮಾವನಿಗೊಂದು ಬಾಟಲಿ ಕೊಟ್ಟರು. ಮೆಕ್ಸಿಕೋ ದೇಶದ ಸಾರಾಯಿ. ನಮ್ಮ ಬೇಲಿಯ ಕತ್ತಾಳೆಯಂಥ ಗಿಡದಿಂದ ಇಳಿಸಿದ್ದಂತೆ. ತಳದಲ್ಲಿ ಬಿಳಿಚಿಕೊಂಡ ಒಂದು ಹುಳ.

"ಅದು ಎಂತಕ್ಕೆ?" ಎಂದು ಇಂಜಿನಿಯರರ ಡ್ರೈವರನ್ನು ಕೇಳಿದೆ.

"ಸುಮ್ನೆ ಅಕ್ಕ. ಗಿರಾಕಿ ಸೆಳಿಯಾಕೆ ಹಾಕ್ತಾರಂತೆ."

ಮಾವ ಮಾತ್ರ ಅದನ್ನು ಮದ್ದು ಮಾಡಿದರು. ಗಂಡಸರಿಗೆ ಶಕ್ತಿ, ಹೆಂಗಸರಿಗೆ ಸಂತಾನ ಎಂದು ಹೇಳಿ ಸಾರಾಯಿಯನ್ನು ಚಮಚ ಚಮಚವಾಗಿ ಮಾರಿದರು. ಕೊನೆಗೆ ಹುಳವೊಂದೇ ಉಳಿಯಿತು.

ಒಂದು ಮಧ್ಯಾಹ್ನ, ಹೋಟೆಲು ತುಂಬಿದ್ದಾಗ, ಅಡಿಗೆಮನೆಯಲ್ಲಿದ್ದ ನನ್ನನ್ನು ಹೊರಗೆ ಕರೆದರು. ಬಾಳೆಲೆಯ ಚೂರಿನ ಮೇಲೆ ಹುಳ ಮಲಗಿತ್ತು.

"ಮದ್ವೆ ಆಗಿ ಐದು ವರ್ಷ ಆತು. ನುಂಗು ಇದನ್ನ."

"ಹಂಗಾದ್ರೆ ಅರ್ಧ ನಿಮ್ಮ ಮಗನಿಗೂ ಕೊಡಿ, ಮಾವ."

ಉಣ್ಣುತ್ತಿದ್ದವರ ಕೈ ನಿಂತಿತು. ಗಲ್ಲಾದಲ್ಲಿ ಕೂತಿದ್ದ ನನ್ನ ಗಂಡ ತಲೆ ಎತ್ತಲಿಲ್ಲ. ಮಾವನ ಮುಖ ಕಪ್ಪಿಟ್ಟಿತು.

"ನನ್ನ ಮಗನಿಗೆ ಏನೂ ಆಗಿಲ್ಲ. ನುಂಗ್ತೀಯೋ, ಕೋಣಂದೂರು ಬಸ್ಸು ಹತ್ತುತ್ತೀಯೋ?"

ಕೋಣಂದೂರು ನನ್ನ ತವರು. ಅಲ್ಲಿ ಮದುವೆಯಾಗದ ಇಬ್ಬರು ತಂಗಿಯರಿದ್ದರು. ನುಂಗಿದೆ. ಯಾರೋ ನಕ್ಕರು. ಹಿತ್ತಿಲಿಗೆ ಹೋಗಿ ಕರುಳು ಬಾಯಿಗೆ ಬರುವಷ್ಟು ಕಾರಿದೆ.

ಮುಂದಿನ ವರ್ಷ ಅವರು ಮಗನಿಗೆ ಇನ್ನೊಂದು ಮದುವೆ ಮಾಡಿದರು. ನಾನು ಬಸ್ಸು ಹತ್ತಿದೆ. ಟೀಚರ್ ಟ್ರೈನಿಂಗ್ ಮುಗಿಸಿ ಹೊಸನಗರದ ಕಡೆ ಶಾಲೆ ಸೇರಿದೆ. ಆ ಎರಡನೆಯ ಹುಡುಗಿಗೂ ಮಕ್ಕಳಾಗಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಹಸಿದು ಬಂದ ಯಾರನ್ನೂ ಮಾವ ಬರಿಹೊಟ್ಟೆಯಲ್ಲಿ ಕಳಿಸಿದವರಲ್ಲ. ಅದು ನೆನಪಾದರೆ ನನ್ನ ಸಿಟ್ಟು ಇನ್ನಷ್ಟು ಏರುತ್ತದೆ. ಕರುಣೆ ಗೊತ್ತಿಲ್ಲದ ಮನುಷ್ಯನಾಗಿರಲಿಲ್ಲ ಅವರು.

ಲಕ್ವ ಹೊಡೆದು ಮಲಗಿದಾಗ ನನಗೆ ಹೇಳಿಕಳಿಸಿದರು. ಹೋದೆ. ಸೊಟ್ಟಗಾದ ಬಾಯಲ್ಲಿ ತೊದಲಿದರು: "ಕೊರತೆ ನನ್ನ ಮಗಂದೇ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. ನೀ ನುಂಗೋಕೂ ಮುಂಚೆ."

ಕ್ಷಮಿಸು ಎನ್ನಲಿಲ್ಲ. ನಾನೂ ಕ್ಷಮಿಸಿದೆ ಎನ್ನಲಿಲ್ಲ. ಆ ಎರಡನೆಯ ಸೊಸೆ ಬಾಗಿಲ ಬಳಿ ಲೋಟ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕ," ಎಂದಳು, "ನಿಮ್ಮೂರ ಬಸ್ಸು ಎಷ್ಟೊತ್ತಿಗೆ?"

ಮಾವ ಸತ್ತ ದಿನ ಅವಳು ನನ್ನ ಮನೆಯಲ್ಲಿದ್ದಳು. ನಾವಿಬ್ಬರೂ ಹೋಗಲಿಲ್ಲ.